ನಾಲಿಗೆಯ ಮೇಲೆ ಕರಗಿದ ರಾಗಿ

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಬಿಟ್ಟ ಮಾರನೇ ದಿನವೇ ಅಪ್ಪನ ಹಿಟ್ಟಿನ ಮಿಷನ್ನಿನ ಮುಂದೆ ನಿಂತೆ, ಇವತ್ತಿಗೂ ಅಲ್ಲೇ ನಿಂತಿದ್ದೇನೆ. ವಕ್ಕಲೇರಿ ಸುತ್ತಮುತ್ತಲಿನ ಹಳ್ಳಿಯವರು ರಾಗಿ ಹೊತ್ತು ತರುವುದು ನಮ್ಮಲ್ಲಿಗೆ. ಕಲ್ಲಿನ ಬಾಯಿಂದ ಬಿಸಿಬಿಸಿಯಾಗಿ ಬೀಳುವ ಹಿಟ್ಟಿನಲ್ಲಿ ಒಂದು ಚಿಟಿಕೆ ತೆಗೆದು, ಬೆರಳಲ್ಲಿ ಉಜ್ಜಿ, ನಾಲಿಗೆಯ ಮೇಲೆ ಹಾಕಿಕೊಳ್ಳುವುದು ನನ್ನ ಅಭ್ಯಾಸ. ರಾಗಿ ಸರಿಯಾಗಿ ಒಣಗಿತ್ತೇ, ಮಣ್ಣು ಸೇರಿದೆಯೇ, ಹೊಸದಕ್ಕೆ ಹಳೆಯದು ಬೆರೆಸಿದ್ದಾರೆಯೇ, ಕಲ್ಲು ಜಾಸ್ತಿ ಕಾದು ಹಿಟ್ಟು ಸೀದಿದೆಯೇ, ಎಲ್ಲವನ್ನೂ ನಾಲಿಗೆಯೇ ಹೇಳುತ್ತದೆ. "ಅಣ್ಣ ಬಾಯಿಗೆ ಹಾಕ್ಕೊಂಡು ಸರಿ ಅಂದ್ರೆ ಸರಿ" ಎಂದು ಹೆಂಗಸರು ಹೇಳುವುದನ್ನು ಕೇಳುತ್ತಲೇ ನನ್ನ ತಲೆಗೂದಲು ಬೆಳ್ಳಗಾಯಿತು. ಓದಿದವರಿಗೆ ಸರ್ಟಿಫಿಕೇಟಿದ್ದರೆ ನನಗೆ ಈ ನಾಲಿಗೆಯಿದೆ ಎಂದುಕೊಂಡಿದ್ದೆ. ಇದನ್ನೇ ನಂಬಿ ಹೆಂಡತಿಯ ಕಾಲಿಗೆ ಕುತ್ತು ತಂದೆ.

ಅವಳು ಶ್ರೀನಿವಾಸಪುರದ ಕಡೆಯವಳು. ತವರಿನಲ್ಲಿ ಮಾವಿನ ತೋಟ. ಮನೆಯಲ್ಲಿ ತೆಲುಗು ಮಾತಾಡಿಕೊಂಡು, ಬೇಸಿಗೆ ಪೂರಾ ಹಣ್ಣು ತಿಂದುಕೊಂಡು ಬೆಳೆದವಳು. ಅವಳಿಗೆ ಸಕ್ಕರೆ ಕಾಯಿಲೆ ಎಂದು ಕೋಲಾರದ ಡಾಕ್ಟರಮ್ಮ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು.

"ಮಾವಿನಣ್ಣು?"

ಡಾಕ್ಟರಮ್ಮ ನಕ್ಕರು. "ಸದ್ಯಕ್ಕೆ ಬೇಡಮ್ಮ. ಮೊದ್ಲು ಶುಗರ್ ಇಳೀಲಿ, ಆಮೇಲೆ ಒಂದು ಹೋಳಿನ ಮಾತಾಡೋಣ."

ಆ ಒಂದು ಹೋಳಿಗಾಗಿ ಅವಳು ಎಲ್ಲ ಬಿಟ್ಟಳು. ಕಾಫಿಗೆ ಸಕ್ಕರೆ ಬಿಟ್ಟಳು. ಯುಗಾದಿಗೆ ನಮಗೆಲ್ಲ ಒಬ್ಬಟ್ಟು ತಟ್ಟಿ, ಹೂರಣ ಮೆತ್ತಿದ ಬೆರಳನ್ನೂ ನೆಕ್ಕದೆ ಕೈ ತೊಳೆದುಕೊಂಡಳು. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಇದು ಆಮೇಲೆ ನನಗೆ ನೆನಪಿರಬೇಕಿತ್ತು.

ಬೆಳಿಗ್ಗೆ ಸಂಜೆ ಅವಳು ಕುಡಿಯುತ್ತಿದ್ದುದು ರಾಗಿ ಮಾಲ್ಟು. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಕೊಡುತ್ತಿದ್ದಳು, ಬೀಸುವುದು ನಾನು. ಹೀಗೆ ನಡೆಯುತ್ತಿದ್ದಾಗ ಒಂದು ದಿನ ಮಿಷನ್ನಿನ ಹತ್ತಿರ ಬೈಕಿನಲ್ಲಿ ಒಬ್ಬ ಬಂದ. ಕಂಪನಿಯವನು, ಇಸ್ತ್ರಿ ಷರಟು, ಬೆನ್ನಿಗೆ ಬ್ಯಾಗು. ಬ್ಯಾಗಿನಿಂದ ಹಸಿರು ಪ್ಯಾಕೆಟ್ ತೆಗೆದ. ಅದರ ಮೇಲೆ ತುಂಬಿದ ರಾಗಿ ತೆನೆಯ ಚಿತ್ರ. ಪಕ್ಕದಲ್ಲಿ ಕನ್ನಡದಲ್ಲೇ, ದಪ್ಪಕ್ಷರದಲ್ಲಿ: ಸಕ್ಕರೆ ಸೇರಿಸಿಲ್ಲ.

"ಶುಗರ್ ಇರೋರಿಗೇ ಅಂತ ಮಾಡಿರೋ ಮಾಲ್ಟು ಸಾರ್. ಮೆಡಿಕಲ್ ಸ್ಟೋರಲ್ಲೆಲ್ಲ ಇಟ್ಟಿದೀವಿ. ಆದ್ರೆ ರಾಗಿ ವಿಷ್ಯದಲ್ಲಿ ನಿಮ್ಮಂಥೋರು ಸರಿ ಅನ್ಬೇಕು ನೋಡಿ."

"ನಾನೇನ್ ಡಾಕ್ಟ್ರಾ?"

"ಡಾಕ್ಟ್ರಿಗೆ ರಾಗಿ ಏನ್ ಗೊತ್ತು ಸಾರ್! ನೀವೇ ಬಾಯಿಗೆ ಹಾಕ್ಕೊಂಡ್ ನೋಡಿ."

ನನ್ನ ಅಭ್ಯಾಸವನ್ನು ಅವನಿಗೆ ಯಾರು ಹೇಳಿದ್ದರೋ ಕಾಣೆ. ಆ ಮಾತಿಗೆ ನಾನು ಉಬ್ಬಿಹೋದೆ. ಹೆಂಗಸರು ಸಾಲಿನಲ್ಲಿ ನಿಂತು ನೋಡುತ್ತಿದ್ದರು. ಒಂದು ಚಿಟಿಕೆ ತೆಗೆದು, ಉಜ್ಜಿ, ನಾಲಿಗೆಗೆ ಹಾಕಿದೆ. ಸಿಹಿ ಇದ್ದೂ ಇಲ್ಲದ ಹಾಗೆ, ಬರೀ ಹಾಲಿನಲ್ಲಿರುವಷ್ಟು. ಎಷ್ಟು ನುಣ್ಣಗೆ ಬೀಸಿದರೂ ನಮ್ಮ ರಾಗಿಯಲ್ಲಿ ನಾಲಿಗೆಗೆ ಸ್ವಲ್ಪ ತರಿ ಸಿಕ್ಕೇ ಸಿಗುತ್ತದೆ. ಇದರಲ್ಲಿ ಸಿಗಲಿಲ್ಲ. ಬಾಯಿಗೆ ಬಿದ್ದದ್ದೇ ಕರಗಿಹೋಯಿತು.

ರಾಗಿ ಕರಗುವುದಿಲ್ಲ. ಜೀವಮಾನವೆಲ್ಲ ರಾಗಿ ಬೀಸಿದವನಿಗೆ ಅಷ್ಟು ಹೊಳೆಯಬೇಕಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಅನುಮಾನವಲ್ಲ, ಹೊಟ್ಟೆಕಿಚ್ಚು. ಇಷ್ಟು ನೈಸಾಗಿ ಬೀಸುವುದಕ್ಕೆ ಎಂಥ ಮಿಷನ್ ಇಟ್ಟಿದ್ದಾರಪ್ಪ ಇವರು, ಎಂದುಕೊಂಡೆ. ನನ್ನ ಕಲ್ಲು ಏನೂ ಅಲ್ಲ ಅನ್ನಿಸಿತು. ಕಸುಬು ಗೊತ್ತಿಲ್ಲದವನು ಬಾಯಿಗೆ ಹಾಕಿಕೊಂಡಿದ್ದರೆ ಇದೇನು ಹಾಲಿನ ಪುಡಿಯಾ ಎಂದಾದರೂ ಕೇಳುತ್ತಿದ್ದನೋ ಏನೋ. ನಾನು ಕೇಳಲಿಲ್ಲ.

"ಸಿಹಿ ಇಲ್ಲ, ಸಕ್ಕರೆ ಇಲ್ಲ. ಧೈರ್ಯವಾಗಿ ತಗೊಳ್ಳಿ" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ. ಸಿಹಿ ಇಲ್ಲದಿದ್ದರೆ ಸಕ್ಕರೆ ಇಲ್ಲ. ನನಗೆ ಗೊತ್ತಿದ್ದ ಲೆಕ್ಕ ಅಷ್ಟೇ.

ಪ್ಯಾಕೆಟ್ ತಂದು ಕೊಟ್ಟಾಗ ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಮನೇಲಿ ರಾಗಿ ಇಟ್ಕೊಂಡು, ಮಿಷನ್ನೂ ಇಟ್ಕೊಂಡು, ರಾಗಿ ಪ್ಯಾಕೆಟ್ ತರೋರ್ನ ನಿಮ್ಮನ್ನೇ ಕಣ್ರೀ ನಾನ್ ನೋಡಿದ್ದು."

"ನಿನಗ್ಯಾಕೆ ಒದ್ದಾಟ ಅಂತ ತಂದೆ ಕಣೇ. ರುಚಿ ನೋಡಿದೀನಿ. ಸುಮ್ನೆ ಕುಡಿ."

ಕುಡಿದಳು. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ, ಒಂದು ದಿನವೂ ತಪ್ಪಿಸದೆ. ನಾನು ಹೇಳಿದ್ದನ್ನು ಅವಳು ಹಾಗೇ ಮಾಡುತ್ತಿದ್ದಳು.

ಎರಡು ತಿಂಗಳಿಗೆ ಶುಗರ್ ಏರಿತು. ಡಾಕ್ಟರಮ್ಮ ಮಾತ್ರೆ ಜಾಸ್ತಿ ಮಾಡಿದರು. ಆಮೇಲೆ ಮತ್ತೆ ಏರಿತು. ಅಷ್ಟರಲ್ಲಿ ಬಲಗಾಲಿನ ಹೆಬ್ಬೆರಳಿಗೆ ಹೊಸ ಚಪ್ಪಲಿ ಕಚ್ಚಿ ಆಗಿದ್ದ ಗಾಯ ವಾಸಿಯಾಗದೆ ಹಾಗೇ ಉಳಿದಿತ್ತು. ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿ ನೋಡಿ ಈ ಸಲ ನಗಲಿಲ್ಲ.

"ಏನ್ ತಿಂತಿದೀರಮ್ಮ? ನಿಜ ಹೇಳಿ. ಶುಗರ್ ಹಿಂಗೇ ಇದ್ರೆ ಈ ಬೆರಳು ಉಳ್ಸೋದು ಕಷ್ಟ."

"ಏನೂ ತಿಂತಿಲ್ಲ ಮೇಡಂ. ಮುದ್ದೆ, ಸೊಪ್ಪು, ರಾಗಿ ಮಾಲ್ಟು."

"ರಾಗಿ ಮಾಲ್ಟಿಗೆ ಬೆಲ್ಲ ಹಾಕ್ತೀರಾ?"

"ಇಲ್ಲ ಮೇಡಂ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಇವರ ಮೇಲೆ ನೀವೇ ಕಣ್ಣಿಡಿ ಎಂದು ಆ ನೋಟಕ್ಕೆ ನಾನು ಅರ್ಥ ಹಚ್ಚಿದೆ. ಪ್ಯಾಕೆಟ್ ಮಾಲ್ಟು ಎಂದು ನಾವು ಹೇಳಲಿಲ್ಲ, ಅವರು ಕೇಳಲಿಲ್ಲ. ನಮಗೆ ಅದು ರಾಗಿಯೇ ಆಗಿತ್ತಲ್ಲ.

ಅವತ್ತಿನಿಂದ ನಾನು ಪೊಲೀಸಿನವನಾದೆ. ಬೆಲ್ಲದ ಡಬ್ಬ ಅಟ್ಟಕ್ಕೆ ಏರಿಸಿದೆ. ಅವಳು ಯಾರ ಮನೆಗೆ ಹೋಗಿ ಬಂದರೂ ಏನು ಕೊಟ್ಟರು ಎಂದು ಕೇಳಿದೆ. ಮುಳಬಾಗಿಲಿಗೆ ಕೊಟ್ಟ ಮಗಳಿಗೆ ಫೋನ್ ಮಾಡಿ ದೂರು ಹೇಳಿದೆ. ಅವಳೂ ಫೋನಿನಲ್ಲಿ ಅಮ್ಮನನ್ನು ಬೈದಳು. ಅದೇ ಹೊತ್ತಿಗೆ ಅವಳ ಅಣ್ಣ, ನನ್ನ ಭಾವಮೈದ, ತೋಟದಿಂದ ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣು ಕಳಿಸಿದ. ನಾನು ದಿನಾ ಬೆಳಿಗ್ಗೆ ಎದ್ದು ಆ ಹಣ್ಣು ಎಣಿಸುತ್ತಿದ್ದೆ. ಬರೆಯುವುದಕ್ಕೆ ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮೂರನೇ ದಿನ ಎರಡು ಹಣ್ಣು ಕಮ್ಮಿ ಇದ್ದವು.

ಅದು ಮಿಷನ್ನಿನಲ್ಲಿ ಜನ ತುಂಬುವ ಹೊತ್ತು. ಅವಳು ಕುಂಟಿಕೊಂಡು ನನಗೆ ಕಾಫಿ ತಂದಳು. ನಾನು ಸಾಲಿನ ಕಡೆ ತಿರುಗಿ, ತಮಾಷೆಗೆ ಅನ್ನುವ ಹಾಗೆ ಕೂಗಿದೆ.

"ನೋಡ್ರಮ್ಮ, ನಿಮ್ ನಿಮ್ ಚೀಲ ಹುಷಾರು. ನಮ್ಮನೇಲಿ ಒಬ್ಬಳು ಕಳ್ಳಿ ಇದಾಳೆ. ರಾತ್ರೋರಾತ್ರಿ ಎರಡು ಮಾವಿನಣ್ಣು ಮಾಯ!"

"ಕೊಳೆತಿದ್ವು. ಹಸುಗ್ ಹಾಕ್ದೆ" ಎಂದಳು, ತಗ್ಗಿದ ದನಿಯಲ್ಲಿ.

"ಹಂಗಾದ್ರೆ ಹಸುಗೆ ಶುಗರ್ ಬರ್ಬೇಕಿತ್ತಲ್ಲೇ, ನಿನಗ್ಯಾಕ್ ಬಂತು?"

ಹೆಂಗಸರು ನಕ್ಕರು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಅವಳು ಕಾಫಿ ಲೋಟ ಹಿಟ್ಟಿನ ಡಬ್ಬದ ಮೇಲಿಟ್ಟು ಒಳಗೆ ಹೋದಳು. ಮಾರನೇ ದಿನ ಬಸ್ಸು ಹತ್ತಿ ಅಣ್ಣನ ಮನೆಗೆ ಹೊರಟಳು. ಬ್ಯಾಗಿಗೆ ಎರಡು ಸೀರೆ, ಮಾತ್ರೆ, ಆ ಹಸಿರು ಪ್ಯಾಕೆಟ್ಟು.

ಅವಳು ಹೋಗಿ ನಾಲ್ಕನೇ ದಿನಕ್ಕೆ ಮಾಲೂರಿನ ಬೇಕರಿ ಸಾಹೇಬರು ಬಂದರು. ರಾಗಿ ಬಿಸ್ಕತ್ತಿಗೆ ಹಿಟ್ಟು ಬೀಸಿಸುವುದು ಅವರು ನನ್ನ ಹತ್ತಿರವೇ. ಹಿಟ್ಟು ಬೀಳುವ ತನಕ ನಾನು ಹೆಂಡತಿಯ ಮೇಲೆ ದೂರು ಹೇಳಿದೆ. ಇಷ್ಟು ಒಳ್ಳೇ ಮಾಲ್ಟು ತಂದುಕೊಟ್ಟರೂ ಕದ್ದು ತಿಂದು ಬೆರಳು ಕಳೆದುಕೊಳ್ಳುತ್ತಾಳೆ ಎಂದು, ಕಪಾಟಿನಲ್ಲಿದ್ದ ಇನ್ನೊಂದು ಪ್ಯಾಕೆಟ್ ತೋರಿಸಿದೆ. ಅವರು ಕನ್ನಡಕ ಏರಿಸಿ, ಮುಂಭಾಗ ನೋಡದೆ ಹಿಂದೆ ತಿರುಗಿಸಿದರು. ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ, ನೋಡಿದ್ದರೂ ಬರುತ್ತಿರಲಿಲ್ಲ.

"ಅರೆ ಯಜಮಾನ್ರೇ, ಇದ್ರಲ್ಲಿ ರಾಗಿ ನಾಲ್ಕನೇ ನಂಬರಲ್ಲಿದೆ."

"ಅಂದ್ರೆ?"

"ಯಾವ್ದು ಜಾಸ್ತಿ ಹಾಕಿದಾರೋ ಅದನ್ನ ಮೊದ್ಲು ಬರೀಬೇಕು, ಅದು ರೂಲ್ಸು. ನನ್ನ ಬಿಸ್ಕತ್ ಪ್ಯಾಕೆಟ್ಟಿಗೂ ಹಂಗೇ ಬರಸ್ತೀನಿ. ಇದ್ರಲ್ಲಿ ಮೊದಲ್ನೇದು ಮಾಲ್ಟೋಡೆಕ್ಸ್‌ಟ್ರಿನ್. ಮೆಕ್ಕೆಜೋಳದಿಂದ ಬರೋ ಬಿಳೀ ಪುಡಿ, ಬೇಕರಿ ಲೈನಲ್ಲಿ ನಮಗೆ ಗೊತ್ತು. ಬಾಯಿಗೆ ಹಾಕಿದ್ರೆ ಸಿಹಿ ಅನ್ಸಲ್ಲ, ಐಸ್ ಥರ ಕರಗ್ತದೆ. ಹೊಟ್ಟೆಗೆ ಹೋದ್ರೆ ಸಕ್ಕರೆ ಮಾಡೋ ಕೆಲ್ಸಾನೇ ಮಾಡ್ತದೆ, ಇನ್ನೂ ಜಲ್ದಿ. ನಮ್ ಅಬ್ಬಾಗೆ ಶುಗರ್ ಇತ್ತಲ್ಲ, ಡಾಕ್ಟ್ರು ಇದನ್ನ ಮುಟ್ಲೇಬೇಡಿ ಅಂದಿದ್ರು."

"ಸಕ್ಕರೆ ಸೇರಿಸಿಲ್ಲ ಅಂತ ಕನ್ನಡದಲ್ಲಿ ಬರ್ದಿದಾರಲ್ಲ ಸಾಹೇಬ್ರೇ!"

"ಸಕ್ಕರೆ ಸೇರಿಸಿಲ್ಲ, ನಿಜಾನೇ. ಅದ್ರ ತಮ್ಮನ್ನ ಸೇರಿಸಿದಾರೆ." ಅವರು ಪ್ಯಾಕೆಟ್ ಕೆಳಗಿಟ್ಟರು. "ನಾವು ಬೇಕರಿಯೋರು ವಾಸಿ. ಸಿಹಿ ಮಾಡಿ ಸಿಹಿ ಅಂತ್ಲೇ ಮಾರ್ತೀವಿ."

ಮಿಷನ್ ಓಡುತ್ತಲೇ ಇತ್ತು. ಆಫ್ ಮಾಡಬೇಕು ಅನ್ನುವುದೂ ನನಗೆ ತೋಚಲಿಲ್ಲ; ಅವರೇ ಮಾಡಿದರು. ನನಗೆ ಓದು ಬಾರದ ಭಾಗದಲ್ಲಿ ನಿಜ ಬರೆದು, ನನಗೆ ಓದು ಬರುವ ಭಾಗದಲ್ಲಿ ನಂಬಿಸಿದ್ದರು. ಅದೂ ನಮ್ಮ ರಾಗಿ ತೆನೆಯ ಚಿತ್ರ ಹಾಕಿ. ಬೇರೆ ಯಾವ ಚಿತ್ರ ಹಾಕಿದ್ದರೂ ನಾನು ಅನುಮಾನ ಪಡುತ್ತಿದ್ದೆನೇನೋ.

ತಕ್ಷಣ ಭಾವಮೈದನಿಗೆ ಫೋನ್ ಮಾಡಿದೆ. "ಅವಳಿಗೆ ಆ ಮಾಲ್ಟು ಕುಡೀಬೇಡ ಅನ್ನಪ್ಪ." ಅವನು ಅತ್ತ ತಿರುಗಿ ಹೇಳಿದ್ದೂ, ಅವಳು ಉತ್ತರ ಕೊಟ್ಟಿದ್ದೂ ನನಗೆ ಕೇಳಿಸಿತು.

"ಈಗ ಇದನ್ನೂ ಕದ್ದೆ ಅಂತಾರಾ ಕೇಳಣ್ಣ."

ಮಾರನೇ ದಿನ ಬೆಳಿಗ್ಗೆಯೇ ಶ್ರೀನಿವಾಸಪುರದ ಬಸ್ಸು ಹಿಡಿದೆ. ತೋಟದಲ್ಲಿ ಕಾಯಿ ಕೊಯ್ಲು ನಡೆದಿತ್ತು. "ಏಂ ಬಾವಾ, ಹಣ್ಣು ಎಣಿಸಕ್ಕೆ ಬಂದ್ಯಾ? ಇಲ್ಲಿ ಜಾಸ್ತಿ ಇದಾವೆ, ಸಾಯಂಕಾಲ ಆಗ್ತದೆ" ಎಂದ ಭಾವಮೈದ. ಅವನು ನಗುತ್ತಿರಲಿಲ್ಲ. ಅವಳು ನೆರಳಿನಲ್ಲಿ ಕಾಲು ಚಾಚಿ ಕೂತು, ಕ್ರೇಟಿಗೆ ಹುಲ್ಲು ಹಾಸಿ ಕಾಯಿ ಜೋಡಿಸುತ್ತಿದ್ದಳು. ಸುತ್ತ ಹಣ್ಣಿನ ವಾಸನೆ. ಬೆರಳಿಗೆ ಹೊಸ ಬಟ್ಟೆ ಕಟ್ಟಿತ್ತು.

ಸಾಹೇಬರು ಹೇಳಿದ್ದನ್ನೆಲ್ಲ ಹೇಳಿದೆ. ಕಂಪನಿಯವನನ್ನು ಬೈದೆ, ಚಿತ್ರ ಬರೆದವನನ್ನು ಬೈದೆ. ಅವಳು ಕಾಯಿ ಜೋಡಿಸುವುದನ್ನು ನಿಲ್ಲಿಸಲಿಲ್ಲ.

"ಅವ್ರು ಯಾರೋ, ನನ್ನ ಮುಖಾನೂ ನೋಡ್ದೇ ಇರೋರು. ಮೋಸ ಮಾಡಿದ್ರು" ಎಂದಳು ಕೊನೆಗೆ. "ನೀವು? ಇಷ್ಟು ವರ್ಷ ಜೊತೇಲಿದ್ದು, ಪ್ಯಾಕೆಟ್ ನಂಬಿದ್ರಿ. ನನ್ನ ನಂಬ್ಲಿಲ್ಲ."

"ತಪ್ಪಾಯ್ತು ಕಣೇ."

"ಇಲ್ಲಿ ಯಾರಿದಾರೆ ಅಂತ ಇಲ್ಲಿ ಹೇಳ್ತೀರ? ಕಳ್ಳಿ ಅಂದಿದ್ದು ಎಲ್ಲಿ? ಅಲ್ಲಿ ಹೇಳಿ."

ಹೇಳದೆ ಬೇರೆ ದಾರಿಯಿರಲಿಲ್ಲ. ಅವಳನ್ನು ಕರೆದುಕೊಂಡು ಊರಿಗೆ ಬರುವಾಗ ಕೋಲಾರದಲ್ಲಿ ಇಳಿದು ಡಾಕ್ಟರಮ್ಮನಿಗೆ ಪ್ಯಾಕೆಟ್ ತೋರಿಸಿದೆವು. ಅವರು ಹಿಂಭಾಗ ಓದಿ, ಹಣೆಗೆ ಕೈ ಹಚ್ಚಿ, "ನಾನು ಇದನ್ನ ಕೇಳ್ಬೇಕಿತ್ತು" ಎಂದರು. ಬೆರಳನ್ನು ಇನ್ನೂ ಸ್ವಲ್ಪ ದಿನ ಕಾದು ನೋಡೋಣ ಎಂದರು. ಅದು ಉಳಿಯಿತು, ಆದರೆ ಉಗುರು ಹೋಯಿತು. ಗಾಯ ಮಾಯುವುದಕ್ಕೆ ಮಳೆಗಾಲ ಪೂರ್ತಿ ಹಿಡಿಯಿತು.

ಮಿಷನ್ನಿನ ಹತ್ತಿರ ಮಾತಾಡಿದ್ದು ಊರಿಗೆ ಬಂದ ಮಾರನೇ ದಿನ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮಿಷನ್ ಆಫ್ ಮಾಡಿದೆ. ಕರೆಂಟ್ ಹೋಯ್ತಾ ಎಂದು ಯಾರೋ ಕೇಳಿದರು. ನಾನು ಜನರ ಮುಂದೆ ತಪ್ಪು ಒಪ್ಪಿಕೊಂಡವನಲ್ಲ. ಹಾಗೆ ನಿಲ್ಲುವುದು ಹೇಗೆಂದೇ ಗೊತ್ತಾಗದೆ ಕೈಯಲ್ಲಿದ್ದ ಹಿಟ್ಟನ್ನು ಪಂಚೆಗೆ ಒರೆಸಿಕೊಂಡೆ.

"ಅವತ್ತು ಇವಳನ್ನ ಕಳ್ಳಿ ಅಂದಿದ್ದೆ. ಇವಳು ಏನೂ ತಿಂದಿರ್ಲಿಲ್ಲ. ನಾನ್ ತಂದ್ಕೊಟ್ಟ ಮಾಲ್ಟಲ್ಲೇ ಸಕ್ಕರೆ ಥರದ್ದು ಇತ್ತು. ನಾನೇ ಬಾಯಿಗೆ ಹಾಕ್ಕೊಂಡು ಇಲ್ಲ ಅಂದಿದ್ದು. ನನಗೆ ಗೊತ್ತಾಗ್ಲಿಲ್ಲ."

ಯಾರೂ ನಗಲಿಲ್ಲ. ಸಾಲಿನ ಕೊನೆಯಲ್ಲಿದ್ದ ಒಬ್ಬ ಹೆಂಗಸು ತಲೆಯ ಮೇಲಿನ ಮೂಟೆ ಇಳಿಸಿದಳು.

"ಅಯ್ಯೋ ಅಣ್ಣ, ನಮ್ಮತ್ತೆಗೂ ಅದನ್ನೇ ಕೊಡ್ತಿದೀನಲ್ಲ. ನೀವ್ ಹೇಳ್ದಾಗಿಂದ."

"ಇವತ್ತಿಗೇ ನಿಲ್ಸಮ್ಮ. ನಿಲ್ಸಿ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗು. ಪ್ಯಾಕೆಟ್ ಮೇಲೆ ಹಂಗೆ ಬರ್ದಿದ್ರಲ್ಲಮ್ಮ..."

"ನನಗೆ ಪ್ಯಾಕೆಟ್ ಓದಕ್ಕೆ ಎಲ್ಲಿ ಬರ್ತದಣ್ಣ? ನಾನು ನಿಮ್ಮನ್ನ ನಂಬಿದ್ದೆ."

"ನಾನೂ ಅಷ್ಟೇ ಕಣಮ್ಮ" ಎಂದಳು ನನ್ನ ಹೆಂಡತಿ, ಕೂತಲ್ಲಿಂದಲೇ.

ಆಮೇಲಿಂದ ಅವಳು ನನ್ನ ಜೊತೆಗೇ ಇದ್ದಾಳೆ. ಜಗಳವಿಲ್ಲ. ಆದರೆ ನಾನು ಸಂತೆಯಿಂದ, ಅಂಗಡಿಯಿಂದ ಏನೇ ತಂದು ಕೈಗೆ ಕೊಟ್ಟರೂ ಬಾಯಿಗೆ ಹಾಕಿಕೊಳ್ಳುವ ಮುಂಚೆ ಅವಳು ಒಂದು ಮಾತು ಕೇಳುತ್ತಾಳೆ. "ಇದ್ರಲ್ಲಿ ಏನೇನಿದೆ?" ಮೊದಲು ಹಾಗೆ ಯಾವತ್ತೂ ಕೇಳಿದವಳಲ್ಲ. ಎಷ್ಟೋ ಸಲ ನನಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದೇ ಹೇಳುತ್ತೇನೆ. ಅವಳು ಅದನ್ನು ಪಕ್ಕಕ್ಕೆ ಇಡುತ್ತಾಳೆ.