ಕೆಂಪು ಪಟ್ಟೆಯ ಗಾಜಿನ ಗುಂಡು

ನಮ್ಮೂರು ಗದಗ ಎಂದರೆ ವಿಜಯವಾಡದ ನನ್ನ ಗೆಳತಿಯರು ಅದೆಲ್ಲಿ ಎಂದು ಕೇಳುತ್ತಿದ್ದ ಕಾಲ ಅದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಶಾಲೆ ಬಿಟ್ಟೊಡನೆ ನಾನು ಆಟೋನಗರದ ಶೆಡ್ಡಿಗೆ ಓಡುತ್ತಿದ್ದೆ. ಸುತ್ತಲೂ ಲಾರಿ ರಿಪೇರಿಯ ಬಡಿತ, ಡೀಸೆಲ್ ವಾಸನೆ. ಒಳಗೆ ಅಪ್ಪ ಗ್ಯಾಸ್ ಉರಿಯ ಮುಂದೆ ಕೂತು ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳನ್ನು ಊದುತ್ತಿದ್ದ.

ಗಾಜಿನ ಕೊಳವೆಗೆ ಬಣ್ಣದ ಕಡ್ಡಿಗಳನ್ನು ಉದ್ದಕ್ಕೆ ಅಂಟಿಸಿ, ಕಾಯಿಸಿ, ತಿರುವುತ್ತಾ ಊದಿದರೆ ಪಟ್ಟೆಯ ಗುಂಡು ಉಬ್ಬುತ್ತಿತ್ತು. ಉರಿಯಲ್ಲಿ ಎಲ್ಲ ಕಡ್ಡಿಯೂ ಒಂದೇ ಕಿತ್ತಳೆ. ಆರಿದ ಮೇಲಷ್ಟೇ ನಿಜವಾದ ಬಣ್ಣ. ಆ ವರ್ಷ ದಸರೆ ಮುಗಿದ ಮೇಲೆ ಬಣ್ಣ ಆರಿಸುವ ಅಧಿಕಾರ ನನ್ನದಾಯಿತು.

“ಆರಿಸವ್ವಾ ನನ್ನ ರಾಣಿ, ಇವತ್ತ ಯಾವುದು?”

“ನೀಲಿ. ಅದರ ಬಾಜೂಕ ಬಿಳಿ.”

“ಕೊಡು ಮತ್ತ. ನಿನ್ನಂಗ ಆರಿಸಾಕ ಯಾರಿಗೂ ಬರಂಗಿಲ್ಲ ಬಿಡು.”

ಅಬ್ಬಾ, ಆಗಿನ ನನ್ನ ಜಂಬವೇ! ಇಡೀ ತರಗತಿಗೆ ಹೇಳಿಕೊಂಡು ತಿರುಗಿದೆ. ಆರಿದ ಗುಂಡನ್ನು ಬೆಳಕಿಗೆ ಹಿಡಿದು “ಭಾಳ ಚಂದ ಆಗೇತಿ” ಎಂದು ಅಪ್ಪ ಹೇಳುವ ತನಕ ನಾನು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಪುನುಗುಲು ಎಂಬ ಬಿಸಿ ಬೋಂಡ ತಿನ್ನುತ್ತಾ ನಾಳೆಯ ಬಣ್ಣ ಯೋಚಿಸುತ್ತಿದ್ದೆ.

ಕ್ರಿಸ್‌ಮಸ್ ಹತ್ತಿರ ಬಂದಾಗ ಜ್ವರ ಬಂದು ಮಲಗಿಬಿಟ್ಟೆ. ಗವರ್ನರ್‌ಪೇಟೆಯ ಅಂಗಡಿಗೆ ಕೆಂಪು ಪಟ್ಟೆಯ ಗುಂಡುಗಳನ್ನು ಕೊಡಬೇಕಿತ್ತು. ನಾನಿಲ್ಲದ್ದರಿಂದ ಕಡ್ಡಿಗಳನ್ನು ಅಪ್ಪನೇ ಆರಿಸಿಕೊಂಡಿದ್ದ. ಜ್ವರ ಬಿಟ್ಟು ನಾನು ಹೋದಾಗ ಶೆಡ್ಡಿನ ಮಾಲೀಕರು ಅಪ್ಪನ ಎದುರು ನಿಂತಿದ್ದರು. ಅವರ ಕೈಯಲ್ಲಿದ್ದ ಗುಂಡಿನ ತುಂಬ ಕಡುಹಸಿರು ಪಟ್ಟೆ.

“ಏಮಯ್ಯಾ, ಇದಿ ಎರುಪಾ?” ಇದು ಕೆಂಪೇನಯ್ಯಾ ಎಂದು ಕೇಳಿದರು.

ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದ. “ಅವುನಂಡಿ, ಎರುಪೇ.” ಹೌದು, ಕೆಂಪೇ ಎಂದ.

“ಅಪ್ಪಾ, ಅದು ಹಸರ ಐತಿ!” ಎಂದು ನಾನು ಕೂಗಿಬಿಟ್ಟೆ.

ಮಾಲೀಕರು ಬೈಯಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಮೆತ್ತಗೆ ಹೇಳಿದರು, ಅಷ್ಟೇ.

ಮನೆಯಲ್ಲಿ ಅವ್ವ ಸಿಡಿದೆದ್ದಳು. “ಎಂದಿಂದ ಕಾಣವಲ್ದು?”

“ದಸರಾದಾಗಿಂದ. ಎಲ್ಲಾ ಕಡ್ಡಿ ಕಪ್ಪಗ ಕಾಣತಾವು.”

“ದವಾಖಾನಿಗೆ ಹೋಗಾಕ ಏನ್ ಧಾಡಿ ಆಗಿತ್ತು ನಿಮಗ?”

“ಸೀಜನ್ ಮುಗೀಲಿ ಅಂದಿದ್ನಿ. ಕೂಸು ಆರಿಸಿ ಕೊಡತಿತ್ತಲ್ಲ, ಹೆಂಗೋ ನಡದಿತ್ತು.”

ನಾನು ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡೆ.

ಕಣ್ಣಿನ ಪೊರೆ ತೆಗೆಸಿದರೂ ಪ್ರಯೋಜನವಾಗಲಿಲ್ಲ. ಕಣ್ಣು ಒಳಗೂ ಕೆಟ್ಟಿದೆ, ತಡವಾಗಿ ಬಂದಿರಿ ಎಂದರು ಡಾಕ್ಟರು. ಅಪ್ಪ ಮತ್ತೆ ಉರಿಯ ಮುಂದೆ ಕೂರಲಿಲ್ಲ.

ಈಗ ಅಂಗಡಿಗಳಲ್ಲಿ ಬೀಳಿಸಿದರೂ ಒಡೆಯದ ಪ್ಲಾಸ್ಟಿಕ್ ಗುಂಡುಗಳು. ಆ ಕಸುಬು ಹೋಯಿತು, ಅಪ್ಪನೂ ಹೋದ. ಅದಕ್ಕೆಲ್ಲ ಅತ್ತು ಮುಗಿಸಿದ್ದೇನೆ. ಒಂದೇ ಒಂದು ಸಂಕಟ ಮಾತ್ರ ಇವತ್ತಿಗೂ ಉಳಿದಿದೆ. ಆ ಇಡೀ ಹಬ್ಬದ ಕಾಲದಲ್ಲಿ ನಾನು ಆರಿಸಿದ ಒಂದು ಬಣ್ಣವನ್ನೂ ಅಪ್ಪ ನೋಡಿರಲಿಲ್ಲ.