ಹದ್ದು ಬಂದಾಗ ಬಗ್ಗಿದವರು

ಸರ್ಕಾರದ ಕೋಳಿಮರಿ ಹಂಚೋ ನಮಗೆ ಇರೋದು ಒಂದೇ ರೂಲ್ಸು: ಕೈಗೆ ಸಿಕ್ಕ ಹತ್ತು ಮರಿ ಕೊಡಬೇಕು, ಆರಿಸೋಕೆ ಬಿಡಬಾರದು. ಕುಂದಾಣದ ಕಡೆ ಒಂದು ಹಳ್ಳಿಯಲ್ಲಿ ಇದನ್ನ ಹೇಳಿದ್ದೇ ತಪ್ಪಾಯ್ತು. ಸಾಲಿನಲ್ಲಿ ಮೊದಲು ನಿಂತಿದ್ದ ಅಜ್ಜಿ, “ನನಗೆ ಮೊಟ್ಟೆ ಬೇಕು ಕಣಪ್ಪ, ಹುಂಜ ಕಟ್ಕೊಂಡು ಏನ್ ಮಾಡ್ಲಿ?” ಅಂದ್ರು.

“ಇಷ್ಟು ಚಿಕ್ಕದ್ರಲ್ಲಿ ಹುಂಜ ಯಾವುದು, ಹೇಂಟೆ ಯಾವುದು ಅಂತ ನಮಗೇ ಗೊತ್ತಾಗಲ್ಲ ಅಜ್ಜಿ.”

“ನಿನಗೆ ಗೊತ್ತಾಗಲ್ಲ,” ಅಂದವರೇ ಹೆಗಲ ಮೇಲಿದ್ದ ಟವೆಲ್ ತೆಗೆದು, “ಹದ್ದು ಬಂತೂ!” ಅಂತ ಕೂಗಿ ಮರಿಗಳ ಪೆಟ್ಟಿಗೆ ಮೇಲೆ ಬೀಸಿಬಿಟ್ರು. ಒಂದಷ್ಟು ಮರಿ ಕತ್ತೆತ್ತಿ ನೆಟ್ಟಗೆ ನಿಂತವು. ಉಳಿದವು ಬಗ್ಗಿ ನೆಲಕ್ಕೆ ಅಂಟಿಕೊಂಡವು. ಪೆಟ್ಟಿಗೆ ಪಕ್ಕ ಕೂತಿದ್ದ ನಾನೂ ತಲೆ ಹಿಡ್ಕೊಂಡು ಬಗ್ಗಿದೆ.

“ನಿಂತಿರೋದೆಲ್ಲ ಹುಂಜ,” ಅಂತ ಅಜ್ಜಿ ಬಗ್ಗಿದವುಗಳಲ್ಲೇ ಹತ್ತು ಆರಿಸಿ ಬುಟ್ಟಿಗೆ ಹಾಕ್ಕೊಂಡ್ರು. ಸಾಲಿನವರೆಲ್ಲ ನಗ್ತಿದ್ರು, ರೂಲ್ಸು ಯಾರಿಗೆ ಹೇಳಲಿ?

ಮೂರು ತಿಂಗಳಾದ ಮೇಲೆ ಲಸಿಕೆ ಹಾಕೋಕೆ ಹೋದರೆ, ಅವರ ಅಂಗಳದಲ್ಲಿ ಒಂಬತ್ತು ಹೇಂಟೆ. ಹತ್ತನೆಯದು ತಿಪ್ಪೆ ಹತ್ತಿ ಜೋರಾಗಿ ಕೂಗ್ತಿತ್ತು. ನನಗೋ ಹಿಗ್ಗೋ ಹಿಗ್ಗು. “ಅಜ್ಜಿ, ಇದೂ ಅವತ್ತು ಬಗ್ಗಿತ್ತಲ್ವಾ?”

“ಬಗ್ಗಿತ್ತು ಕಣಪ್ಪ. ನೀನೂ ಬಗ್ಗಿದ್ದೆ. ಹಂಗಂತ ನಿನ್ನ ಹೇಂಟೆ ಅನ್ನಕ್ಕಾಗುತ್ತಾ?”

ಹುಂಜ ಇನ್ನೊಂದು ಸಲ ಕೂಗಿತು. ನಾನು ಲಸಿಕೆ ಸೂಜಿ ತೆಗೆದೆ.