ಹತ್ತಿಗೆ ಬಂದ ಲಾರಿ

ಬೈಲಹೊಂಗಲದ ನಮ್ಮ ಸಾಹುಕಾರರ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗೋಡೆಗೆ ಸಾಲಾಗಿ ಮೊಳೆಗಳಿದ್ದವು, ಲಾರಿಗೊಂದರಂತೆ. ಸಂಜೆ ಲಾರಿ ನಿಲ್ಲಿಸಿ, ಕೀಲಿಯನ್ನು ಮೊಳೆಗೆ ತೂಗುಹಾಕಿದ ಮೇಲೆಯೇ ನಾವು ಡ್ರೈವರುಗಳು ಮನೆಗೆ ಹೋಗಬೇಕು. ಆ ಮೊಳೆ ಕಂಡರೆ ನನಗೆ ಆಗುತ್ತಿರಲಿಲ್ಲ. ಹಗಲೆಲ್ಲ ಮೈಮುರಿದು ಓಡಿಸಿದ ಗಾಡಿ ನಿನ್ನದಲ್ಲ ಎಂದು ಅದು ದಿನಾಲೂ ಅಣಕಿಸುತ್ತಿತ್ತು.

ತೊಂಬತ್ತರ ದಶಕದಲ್ಲಿ ಒಮ್ಮೆ ಸಂಪಗಾಂವದ ಹತ್ತಿರ ಗಾಡಿ ಮರಕ್ಕೆ ಬಡಿದು ನನ್ನ ತಲೆ ಒಡೆಯಿತು. ಸಾಹುಕಾರರೇ ಜೀಪು ತಂದರು. ಬಿಳಿ ಧೋತರಕ್ಕೆ ರಕ್ತ ಹತ್ತುತ್ತಿದ್ದರೂ ನನ್ನನ್ನು ಎದೆಗೆ ಆನಿಸಿಕೊಂಡು ಕೂತರು. "ನನ್ನ ಮನಷ್ಯಾ ಅದಾನ್ರಿ, ಚಲೋತ್ನಂಗ ನೋಡ್ರಿ," ಎಂದು ಡಾಕ್ಟರರಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಎರಡು ಸಾವಿರದ ಇಸವಿಯ ಈಚೆಗೆ ಅವರೇ ಕರೆದು, "ಎಷ್ಟ ದಿನಾ ಆಳಾಗಿ ಇರ್ತಿ? ಗಾಡಿ ನಿನ್ನ ಹೆಸರಿಗೆ ಮಾಡ್ಕೋ. ಕಂತು ಬಾಡಿಗ್ಯಾಗ ಮುರಕೋತೇನಿ. ಆದ್ರ ಮಾಲು ಮಾತ್ರ ನಂದ ಹೇರಬೇಕು," ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಂದಿನಿಂದ ಕೀಲಿ ನನ್ನ ಕಿಸೆಯಲ್ಲಿ. ಅದೇ ಲಾರಿ, ಅದೇ ದಾರಿ, ಅದೇ ಹತ್ತಿ. ಸಾಹುಕಾರರು ಮಾತ್ರ "ಬರ್ರಿ ಮಾಲಕರ" ಎನ್ನತೊಡಗಿದರು. ಚೇಷ್ಟೆ ಎಂದುಕೊಂಡು ನಗುತ್ತಿದ್ದೆ.

ಒಂದು ಮಧ್ಯಾಹ್ನ ಸುರೇಬಾನದಿಂದ ಹತ್ತಿ ಹೇರಿಕೊಂಡು ಬರುತ್ತಿದ್ದೆ. ಸವದತ್ತಿ ದಾಟಿದ ಮೇಲೆ ಹೊಲದ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರ್ ಒಮ್ಮೆಲೇ ಅಡ್ಡ ಬಂತು. ತಪ್ಪಿಸಲು ಹೋಗಿ ಗಾಡಿಯನ್ನು ತಗ್ಗಿಗೆ ಇಳಿಸಿಬಿಟ್ಟೆ. ಬಲಗೈ ಮುರಿಯಿತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ರಸ್ತೆ ಬದಿಯ ಅಂಗಡಿಗೆ ಹೋಗಿ ಫೋನು ಹಚ್ಚಿಸಿದೆ.

"ಸಾಹುಕಾರ್ರ, ಗಾಡಿ ತಗ್ಗಿಗೆ ಬಿತ್ರಿ. ನನ್ನ ಕೈ ಮುರದೈತಿ."

"ಹತ್ತಿ ಚಲೋ ಐತೇನ್ರಿ?"

"ಐತ್ರಿ."

"ಹಂಗಾರ ಬ್ಯಾರೆ ಗಾಡಿ ಕಳಸ್ತೇನಿ."

ಗಾಡಿ ನನಗೂ ಸೇರಿಯೇ ಬರುತ್ತದೆ ಎಂದುಕೊಂಡು ಬೇವಿನ ನೆರಳಲ್ಲಿ ಕಾದೆ. ಬಂತು. ಅದರಲ್ಲಿ ಬಂದ ಹಮಾಲರು ಚೀಲಗಳನ್ನು ಒಂದೂ ಬಿಡದಂತೆ ಅದಕ್ಕೆ ಹೇರಿದರು. ನಾನು ಎದ್ದು ಕ್ಯಾಬಿನ್ನಿನ ಬಾಗಿಲಿಗೆ ಹೋದರೆ, ಡ್ರೈವರು, ನನ್ನ ಹಳೆಯ ಜೊತೆಗಾರ, ತಲೆ ತಗ್ಗಿಸಿದ.

"ಮಾಲಷ್ಟ ತರಾಕ ಹೇಳ್ಯಾರ. ನಿನ್ನ ಬಗ್ಗೆ ಕೇಳಿದ್ನಿ. 'ಅವರೀಗ ಮಾಲಕರು, ನಮ್ಮ ಮಂದಿ ಅಲ್ಲ, ತಮ್ಮದು ತಾವು ನೋಡ್ಕೋತಾರ' ಅಂದ್ರು."

ಧೋತರಕ್ಕೆ ಹತ್ತಿದ್ದ ಆ ರಕ್ತ ಕಣ್ಣ ಮುಂದೆ ಬಂತು. ಕೈಯ ನೋವು ಕೂಡ ಅಷ್ಟು ಹೊತ್ತು ಗೊತ್ತಾಗಲಿಲ್ಲ.

"ಹತ್ತು, ದವಾಖಾನಿಗೆ ಬಿಡತೇನಿ," ಎಂದ ಅವನು. "ಸಾಹುಕಾರ್ರ ಮುಂದ ಮಾತ್ರ ಹೇಳಬ್ಯಾಡ."

ದವಾಖಾನೆಯ ಮುಂದೆ ಇಳಿದೆ. ಹಳೆಯ ರೂಢಿ ನೋಡಿ, ಎಡಗೈಯಿಂದ ಕಿಸೆ ತಡಕಾಡಿ ಕೀಲಿ ತೆಗೆದು ಅವನ ಕೈಗಿಟ್ಟೆ. "ಮೊಳಿಗೆ ಹಾಕಿಬಿಡಪಾ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಮೆಲ್ಲಗೆ ಅದನ್ನು ತಿರುಗಿ ನನ್ನ ಕಿಸೆಗೆ ಹಾಕಿದ.

"ಇದನ್ನ ಈಗ ಅಲ್ಲಿ ಯಾರೂ ಇಸಕೊಳ್ಳಂಗಿಲ್ಲೋ," ಎಂದ.